ಚೌಕಳಿ ಹಾಳೆಯ ಲಿಸ್ಬನ್

ಗೆಳತಿ ಜಾನೆಟ್ ಹೇಳಬೇಕಾಗಿದ್ದದ್ದು ಒಂದೇ ಮಾತು. ಅದಕ್ಕೆ ಮುಂಚೆ ಅವಳು ತನ್ನ ಮೊಣಕಾಲು, ಬೆಕ್ಕಿನ ಅಜೀರ್ಣ, ಎದುರು ಮನೆಯವರು ಹಾಕಿಸಿದ ಹೊಸ ಬೇಲಿ ಎಲ್ಲವನ್ನೂ ಎಂದಿನಂತೆ ಸುತ್ತಿ ಬಂದಿದ್ದಳು. ಹಾಗಾಗಿ ಆ ಮಾತು ಬಂದಾಗ ಗ್ಲೆನಿಸ್ ಅರ್ಧ ಕಿವಿಯಲ್ಲಿ ಕೇಳುತ್ತ, ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ಪ್ಯಾಸೇಜಿನಲ್ಲಿ ನೇತುಹಾಕಿದ್ದ ಕೋಟುಗಳ ಜೇಬು ತಡಕುತ್ತಿದ್ದಳು. ಗುರುವಾರ ಬೆಳಿಗ್ಗೆ ಲಿಸ್ಬನ್‌ಗೆ ವಿಮಾನ. ಇವತ್ತು ಶನಿವಾರ. ಯಾವ ಕೋಟು ಒಯ್ಯುವುದು ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಆ ಗಳಿಗೆಯವರೆಗೆ ಅವಳ ಮುಂದೆ ಇರಲಿಲ್ಲ.

"ಕೊನೇ ತಾರೀಖು ನೋಡ್ಬೇಡ ಕಣೇ, ಮೊದಲ್ನೇದು ನೋಡು," ಅಂದಳು ಜಾನೆಟ್. "ಪಾಸ್‌ಪೋರ್ಟ್ ಕೊಟ್ಟ ತಾರೀಖು. ನಮ್ ಟ್ರೆವರ್ ತಂಗೀನ ವಿಮಾನ ಹತ್ತೋ ಬಾಗಿಲಲ್ಲೇ ತಡೆದು ಮನೆಗೆ ಕಳ್ಸಿದ್ರಂತೆ. ಇನ್ನೂ ಐದು ತಿಂಗಳು ಇದೆಯಲ್ಲ ಅಂತ ಅವಳು ಬಾಯಿ ಬಡ್ಕೊಂಡ್ಲು. ಹತ್ತು ವರ್ಷ ಅಂದ್ರೆ ಹತ್ತೇ ವರ್ಷ ತಾಯಿ, ಅದರ ಮೇಲಿಂದು ನಿಮ್ಮೂರಲ್ಲೇ ಇಟ್ಕೊಳ್ಳಿ ಅಂದ್ರಂತೆ."

"ನಮ್ದು ಹವರ್ಡ್ ನೋಡಿದಾನೆ ಬಿಡು."

"ಹವರ್ಡ್ ನೋಡಿದ್ರೆ ಮುಗೀತು. ಸೂರ್ಯ ತಪ್ಪಿದ್ರೂ ಅವನು ತಪ್ಪಲ್ಲ. ಅಲ್ವೇ, ಈ ಸಲ ಸೀನೋಕೆ ಎಷ್ಟು ಹೊತ್ತಿಗೆ ಇಟ್ಟಿದಾನೆ?" ಜಾನೆಟ್ ಗೊಳ್ಳನೆ ನಕ್ಕಳು. ಗ್ಲೆನಿಸ್ ಕೂಡ ನಕ್ಕಳು. ಆರು ವರ್ಷದ ಹಿಂದೆ ಆ ಹಾಸ್ಯ ಹುಟ್ಟಿದ್ದು ತನ್ನ ಬಾಯಲ್ಲೇ. ಹೆತ್ತ ತಪ್ಪಿಗೆ ಈಗಲೂ ಅದನ್ನು ಎತ್ತಿ ಆಡಿಸಬೇಕು.

ಫೋನಿಟ್ಟ ಮೇಲೆ ಅವಳು ಸ್ವಲ್ಪ ಹೊತ್ತು ಕೋಟುಗಳ ನಡುವೆಯೇ ನಿಂತಳು. ಅಡುಗೆಮನೆಯಿಂದ ಪೆನ್ಸಿಲ್ ಹೆರೆಯುವ ಸದ್ದು ಬರುತ್ತಿತ್ತು, ಮೂರು ಸುತ್ತು, ನಿಲ್ಲಿಸಿ ಮೊನೆ ನೋಡುವುದು, ಮತ್ತೆ ಒಂದು ಸುತ್ತು. ಬಾಗಿಲಿನ ಗೀರುಗಾಜಿನ ಹಿಂದೆ ಗಂಡ ಹವರ್ಡನ ಆಕಾರ ಕಲಸಿದ ಬಣ್ಣದ ಹಾಗೆ ಕಾಣುತ್ತಿತ್ತು: ಮೇಲೆ ಬೂದು, ನಡುವೆ ಸ್ವೆಟರಿನ ಹಸಿರು. ಮೂವತ್ತೆಂಟು ವರ್ಷ ಸ್ಟಾಕ್‌ಪೋರ್ಟ್‌ನ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆದ ಮನುಷ್ಯ. ಊರಿನ ಅರ್ಧ ಜನ ಕೆಲಸಕ್ಕೆ ಹೋದದ್ದು, ಹುಡುಗಿಯರನ್ನು ಕಾಯಿಸಿ ಬೈಸಿಕೊಂಡದ್ದು, ಆಸ್ಪತ್ರೆಯಲ್ಲಿ ಮಲಗಿದ ತಾಯಿಯನ್ನು ನೋಡಲು ಓಡಿದ್ದು ಎಲ್ಲವೂ ಅವನು ಹಾಕಿದ ಗಳಿಗೆಯಲ್ಲೇ. ಅಂಥವನು ನೋಡಿದ್ದಾನೆ. ನೋಡಿದ ಮೇಲೆ ತಾನು ಮತ್ತೆ ನೋಡುವುದು ಅವನಿಗೆ ಮಾಡುವ ಅವಮಾನವೇ ಸರಿ ಎಂದುಕೊಳ್ಳುತ್ತಲೇ ಅವಳ ಕೈ ಮುಂದಿನ ಕೋಣೆಯ ಮೇಜಿನ ಖಾನೆಯನ್ನು ಸದ್ದಾಗದಂತೆ ಎಳೆದಿತ್ತು. ರಬ್ಬರ್ ಸುತ್ತಿದ ಎರಡು ಪಾಸ್‌ಪೋರ್ಟು. ಎರಡರಲ್ಲೂ ಅವರಿಬ್ಬರು ಹತ್ತು ವರ್ಷ ಚಿಕ್ಕವರಾಗಿ, ನಗಬೇಡಿ ಎಂದು ಬೈಸಿಕೊಂಡವರ ಹಾಗೆ ಕೂತಿದ್ದರು. ಕೊನೆಯ ದಿನ: ಏಪ್ರಿಲ್ ಇಪ್ಪತ್ಮೂರು, ಎರಡು ಸಾವಿರದ ಇಪ್ಪತ್ತೈದು. ಇನ್ನೂ ಆರು ತಿಂಗಳು. ಕೊಟ್ಟ ದಿನ: ಜುಲೈ ಇಪ್ಪತ್ಮೂರು, ಎರಡು ಸಾವಿರದ ಹದಿನಾಲ್ಕು. ಈಗ ಅಕ್ಟೋಬರ್. ಅವಳು ಬೆರಳು ಮಡಚಿ ಎಣಿಸಿದಳು, ಅಂಗಡಿಯಲ್ಲಿ ಎಣಿಸುವ ಹಾಗೆ ತುಟಿ ಅಲ್ಲಾಡಿಸುತ್ತ. ಹತ್ತು ವರ್ಷ ಮುಗಿದು ಮೂರು ತಿಂಗಳ ಮೇಲಾಗಿತ್ತು.

ಆ ಜುಲೈ ಅವಳಿಗೆ ಚೆನ್ನಾಗಿ ನೆನಪಿತ್ತು. ಹಳೆಯ ಪಾಸ್‌ಪೋರ್ಟು ಇನ್ನೂ ಒಂಬತ್ತು ತಿಂಗಳು ಬಾಳುತ್ತಿದ್ದಾಗಲೇ ಹವರ್ಡ್ ಹೊಸದಕ್ಕೆ ಬರೆದು ಹಾಕಿದ್ದ. ಇಷ್ಟು ಬೇಗ ಯಾಕೋ ಎಂದದ್ದಕ್ಕೆ, "ಬೇಗ ಮಾಡಿ ಕೆಟ್ಟೋರು ಯಾರೂ ಇಲ್ಲ ಚಿನ್ನ," ಎಂದಿದ್ದ. ಆಗ ಕಚೇರಿಯವರು ಉಳಿದ ಒಂಬತ್ತು ತಿಂಗಳನ್ನು ಹೊಸದರ ಕೊನೆಗೆ ಕೊಸರು ಹಾಕಿ ಕೊಡುತ್ತಿದ್ದರು. ಆಮೇಲೆ ದೇಶ ಯುರೋಪಿನ ಒಕ್ಕೂಟ ಬಿಟ್ಟು ಹೊರಬಂತು. ಕೊಸರನ್ನು ಆ ಕಡೆಯವರು ಲೆಕ್ಕಕ್ಕೆ ಹಿಡಿಯುವುದನ್ನು ಬಿಟ್ಟರು. ತಡ ಮಾಡುವವರು ಬಚಾವು. ಮೈಯೆಲ್ಲ ಎಚ್ಚರವಾಗಿದ್ದು ಒಂಬತ್ತು ತಿಂಗಳು ಮುಂಚೆ ಓಡಿದವರು ಮಾತ್ರ ಸಿಕ್ಕಿಬಿದ್ದರು.

ಅವಳು ಮಹಡಿ ಹತ್ತಿ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ತೊಟ್ಟಿಯ ಅಂಚಿನ ಮೇಲೆ ಕೂತು ಫೋನಿನಲ್ಲಿ ಹುಡುಕಿದಳು. ಹೊಸ ಪಾಸ್‌ಪೋರ್ಟು ತುರ್ತಾಗಿ ಬೇಕಾದವರಿಗೆ ಕಚೇರಿಯಲ್ಲಿ ಮೊದಲ ಖಾಲಿ ದಿನ ಮುಂದಿನ ಶುಕ್ರವಾರ, ವಿಮಾನ ಹೋದ ಮರುದಿನ. ಕೆಳಗೆ ಅವನು ಏನೋ ಗುನುಗುತ್ತಿದ್ದ. ಅವನು ಗುನುಗಿ ಎಷ್ಟು ದಿನವಾಗಿತ್ತು! ಫೆಬ್ರವರಿಯ ಆ ಮಧ್ಯಾಹ್ನದಿಂದ ಇಲ್ಲ. ಅವತ್ತು ಅವನು ಕಾರು ತೆಗೆದುಕೊಂಡು ಹಾಲು ಬ್ರೆಡ್ಡು ತರಲು ಹೋಗಿ, ಹಾಲು ಬ್ರೆಡ್ಡು ಹಿಡಿದು ಬಸ್ಸಿನಲ್ಲಿ ಮನೆಗೆ ಬಂದಿದ್ದ. ಕಾರೆಲ್ಲಿ ಎಂದು ಅವಳು ಕೇಳಿದಾಗ ಕಿಟಕಿಯಿಂದ ಹೊರಗೆ ನೋಡಿದ, ಆಮೇಲೆ ಕೈಲಿದ್ದ ಬಸ್ ಟಿಕೆಟ್ಟನ್ನು ನೋಡಿದ. "ಎರಡೂ ಹದಿನೈದರ ಬಸ್ಸು ನಾಲ್ಕು ನಿಮಿಷ ತಡ," ಎಂದಷ್ಟೇ ಹೇಳಿ ಕೂತ. ಕಾರು ತರಲು ಅವಳೇ ಹೋದಳು. ದಾರಿಯುದ್ದಕ್ಕೂ ಅವನನ್ನು ನೆನೆದು ಅಳಲಿಲ್ಲ, ತನ್ನನ್ನು ನೆನೆದು ಅತ್ತಳು; ಅದನ್ನು ಯಾರಿಗೂ ಹೇಳಿಲ್ಲ. ಆಮೇಲೆ ಮರೆತದ್ದು ಗ್ಯಾಸು ಆರಿಸುವುದು, ಜಾನೆಟ್‌ಳ ಹೆಸರು, ಒಂದು ಸಲ ಮನೆಯ ಗೇಟಿನ ಚಿಲಕ ತೆಗೆಯುವ ಬಗೆ. ಆಗಸ್ಟಿನಲ್ಲಿ ಕಾಗದ ಬಂತು: ನೆನಪಿನ ಪರೀಕ್ಷೆಗೆ ನವೆಂಬರ್ ಆರರಂದು ಆಸ್ಪತ್ರೆಗೆ ಬರುವುದು. ಅದನ್ನು ಎರಡು ಸಲ ಓದಿ, ಮಡಚಿ, ಚಹಾದ ಲೋಟದ ಕೆಳಗಿಟ್ಟು ಹವರ್ಡ್ ಹೇಳಿದ್ದ: "ಅಲ್ಲಿ ಗಡಿಯಾರದ ಚಿತ್ರ ಬರೆಸ್ತಾರಂತೆ ಗ್ಲೆನ್. ಹನ್ನೊಂದೂ ಹತ್ತು ತೋರಿಸಿ ಅಂತಾರಂತೆ. ನನಗೆ! ಅದಕ್ಕೆ ಮುಂಚೆ ಒಂದ್ಸಲ ಆ ಲಿಸ್ಬನ್ ಟ್ರಾಮಿನಲ್ಲಿ ಕೂತು ಬರೋಣ. ನಾನೇ ಎಲ್ಲಾ ಹಾಕ್ತೀನಿ. ಒಂದು ತಪ್ಪಿಲ್ದಂಗೆ." ಒಂದು ತಪ್ಪಿಲ್ಲದ ಹಾಗೆ. ಅದು ಪ್ರವಾಸವಾಗಿರಲಿಲ್ಲ. ಡಾಕ್ಟರ ಎದುರು ಕೂರುವ ಮುನ್ನ ತನ್ನ ತಲೆ ತನ್ನದೇ ಎಂದು ತನಗೇ ತೋರಿಸಿಕೊಳ್ಳುವ ಪತ್ರವಾಗಿತ್ತು. ಆ ಪತ್ರವನ್ನು ಈಗ ತಾನು ಹೋಗಿ ಹರಿಯಬೇಕು.

ಆರು ವಾರದಿಂದ ಅಡುಗೆಮನೆಯ ಮೇಜು ಲಿಸ್ಬನ್ ಆಗಿತ್ತು. ಡಿಪೋದಿಂದ ನಿವೃತ್ತಿಯಾದಾಗ ತಂದ ಚೌಕಳಿ ಹಾಳೆಯ ದಿಂಡು, ಅಡ್ಡಕ್ಕೆ ಗಂಟೆ, ಉದ್ದಕ್ಕೆ ದಿನ. ಮುಗಿದದ್ದಕ್ಕೆ ಕೆಂಪು ಪೆನ್ಸಿಲಿನ ಟಿಕ್ಕು. ನಿನ್ನೆ ಅವನು ತೋಟಕ್ಕೆ ಹೋಗಿದ್ದಾಗ ಅವಳು ಕದ್ದು ಓದಿದ್ದಳು. ಶುಕ್ರವಾರ 9.10, ಇಪ್ಪತ್ತೆಂಟನೇ ನಂಬರಿನ ಟ್ರಾಮು, ಮೊದಲ ನಿಲ್ದಾಣದಲ್ಲೇ ಹತ್ತುವುದು, ಕಿಟಕಿ ಗ್ಲೆನ್‌ಗೆ. 11.25, ಕೋಟೆ; ಮೆಟ್ಟಿಲು ನೂರಾ ನಾಲ್ಕು, ಗ್ಲೆನ್ ಹಿಮ್ಮಡಿ ನೋವಿದ್ದರೆ ಬಲಗಡೆಯ ಇಳಿಜಾರು. 3.30, ಬೆಂಚು, ನೆರಳು, ಹೊಳೆ ಕಾಣುತ್ತದೆ, ಇಪ್ಪತ್ತೈದು ನಿಮಿಷ ಮಾತಾಡದೆ ಕೂರುವುದು. ಶನಿವಾರ 10.15, ಹಾಲುಕೆನೆಯ ಕಡುಬು ಮಾರುವ ಅಂಗಡಿ, ಸಾಲು ಉದ್ದವಿದ್ದರೆ ನಾನು ನಿಲ್ಲುವುದು, ಗ್ಲೆನ್ ಕೂರುವುದು. ಓದುತ್ತ ಓದುತ್ತ ಅವಳಿಗೆ ತಿಳಿದದ್ದೇನೆಂದರೆ, ಆ ಹಾಳೆಯ ತುಂಬ ಇದ್ದದ್ದು ಲಿಸ್ಬನ್ ಅಲ್ಲ, ತನ್ನ ಹಿಮ್ಮಡಿ. ಪ್ರಾಗ್‌ನ ಹಾಳೆಯಲ್ಲೂ ಹಾಗೇ ಇದ್ದಿರಬೇಕು. ಆಗ ಯಾರು ಓದಿದರು?

ಪ್ರಾಗ್‌ಗೆ ನಾಲ್ವರೂ ಹೋಗಿದ್ದರು, ಜಾನೆಟ್, ಅವಳ ಗಂಡ ಟ್ರೆವರ್, ಇವರಿಬ್ಬರು. ಚೌಕದ ಹಳೇ ಗಡಿಯಾರದ ಬೊಂಬೆಗಳು ಹನ್ನೊಂದಕ್ಕೆ ಹೊರಬರುತ್ತವೆಂದು ಹವರ್ಡ್ ಎಲ್ಲರನ್ನೂ ತಿಂಡಿ ನಡುವೆ ಎಬ್ಬಿಸಿಕೊಂಡು ಹೋಗಿದ್ದ. ಅವತ್ತು ಸಂಜೆ ಬಿಯರ್ ಅಂಗಡಿಯಲ್ಲಿ ಟ್ರೆವರ್, "ನಾಳೆ ಎಷ್ಟೊತ್ತಿಗೆ ಏಳ್ಬೇಕಪ್ಪಾ ಸಾಹೇಬ?" ಎಂದು ಕೆಣಕಿದಾಗ, ಹವರ್ಡ್ ಜೇಬಿನಿಂದ ಹಾಳೆ ತೆಗೆದು ಬಿಚ್ಚುತ್ತಿದ್ದಾಗ, ಗ್ಲೆನಿಸ್ ಹೇಳಿದ್ದಳು: "ನಮ್ ಹವರ್ಡ್ ಸೀನೋಕೂ ಟೈಮ್ ಹಾಕಿರ್ತಾನೆ. ಹತ್ತೂ ನಲವತ್ತಕ್ಕೆ ಸೀನು, ಹನ್ನೊಂದಕ್ಕೆ ಗಡಿಯಾರ!" ಮೇಜೆಲ್ಲ ನಕ್ಕಿತು. ಪಕ್ಕದ ಮೇಜಿನ ಅಪರಿಚಿತರೂ ನಕ್ಕರು. ಹವರ್ಡ್ ಕೂಡ ನಕ್ಕ, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ. ಹಾಳೆಯನ್ನು ಬಿಚ್ಚಿದ ಮಡಿಕೆಯಲ್ಲೇ ಮತ್ತೆ ಮಡಚಿ ಒಳಜೇಬಿಗೆ ಇಟ್ಟ. ಮರುದಿನ ದಾರಿ ತಪ್ಪಿ ಒಂದು ಗಂಟೆ ಸುತ್ತಿದರು. ದಾರಿ ಗೊತ್ತಿದ್ದವನು ಒಬ್ಬನೇ, ಅವನು ಕೈ ಹಿಂದೆ ಕಟ್ಟಿಕೊಂಡು ಕಡೆಯಲ್ಲಿ ಬರುತ್ತಿದ್ದ. ಆಮೇಲೆ ಆರು ವರ್ಷ ಹಾಳೆ ಹೊರಬರಲಿಲ್ಲ. ಅವನು ನೊಂದನೆಂದು ಅವಳು ಅವತ್ತೇ ಬಲ್ಲಳು. ಕ್ಷಮಿಸು ಎನ್ನಲು ಅದೇನು ಅಷ್ಟು ದೊಡ್ಡ ವಿಷಯವೇ ಎನ್ನಿಸಿತ್ತು. ದಿನ ಕಳೆದ ಹಾಗೆ, ಕ್ಷಮಿಸು ಎಂದರೆ ಅದು ದೊಡ್ಡ ವಿಷಯವಾಗಿಬಿಡುತ್ತದಲ್ಲ ಎನ್ನಿಸಿತು. ಈಗೀಗ, ಅವನು ಅದನ್ನು ಮರೆತಿರಬಹುದು ಎಂದು ಅವಳು ಒಳಗೊಳಗೇ ಆಸೆ ಪಟ್ಟದ್ದುಂಟು. ಗಂಡನ ಕಾಯಿಲೆಯಿಂದ ತನಗೊಂದು ಲಾಭ. ಥೂ ಎಂದುಕೊಂಡು ಅವಳು ಬಚ್ಚಲ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು.

ಒರೆಸಿಕೊಳ್ಳುವಾಗ ಉಪಾಯ ಹೊಳೆಯಿತು. ಹಾಳೆಯಲ್ಲಿ 'ಪಾಸ್‌ಪೋರ್ಟ್' ಎಂದಿತ್ತು, ಮುಂದೆ ಕೆಂಪು ಟಿಕ್ಕು. ಯಾರು ನೋಡಿದ್ದೆಂದು ಬರೆದಿರಲಿಲ್ಲ. ಟಿಕ್ಕಿಗೆ ಕೈಬರಹವೇನು? ತಪ್ಪನ್ನು ತಾನು ಹೊತ್ತರಾಯಿತು. ಬೈಸಿಕೊಂಡರಾಯಿತು. ಅವನ ಪತ್ರ ಹರಿಯದೆ ಉಳಿಯುತ್ತದೆ. ಮೆಟ್ಟಿಲಿಳಿಯುವಾಗ ಅವಳಿಗೆ ತಾನು ಒಳ್ಳೆಯವಳು ಎನ್ನಿಸಿತು. ಆ ಭಾವನೆ ಬೆಚ್ಚಗಿತ್ತು. ಅನುಮಾನಿಸಬೇಕಾಗಿದ್ದದ್ದು ಅದನ್ನೇ.

ಅವನು ತಲೆಯೆತ್ತದೆ, "ಭಾನುವಾರ ವಾಪಸ್ ಬರೋವಾಗ ನಿನಗೆ ಕಿಟಕಿನಾ, ಓಡಾಡೋ ಕಡೆನಾ?" ಎಂದ. ಮೇಜಿನ ಮೇಲೆ ಎರಡು ಲೋಟ. ತನಗೂ ಚಹಾ ಮಾಡಿಟ್ಟಿದ್ದಾನೆ. ಸಕ್ಕರೆ ಹಾಕಿದ್ದಾನೋ ಎಂದು ರುಚಿ ನೋಡಿದಳು. ಹಾಕಿರಲಿಲ್ಲ, ಅವಳು ಹಾಕಿಕೊಳ್ಳುವುದೂ ಇಲ್ಲ. ಆರು ತಿಂಗಳಿಂದ ಪ್ರತಿ ಲೋಟವನ್ನೂ ಹೀಗೆ ಪರೀಕ್ಷೆಯಂತೆ ಕುಡಿಯುತ್ತಿದ್ದಾಳೆ.

"ಹವರ್ಡ್, ನಾನೊಂದು ಎಡವಟ್ಟು ಮಾಡಿದೀನಿ ಕಣೋ."

"ಆ ನೀಲಿ ಕೋಟು ಒಗೆಯೋಕೆ ಕೊಟ್ಟು ಮರ್ತಿದೀಯ. ನನಗೆ ಗೊತ್ತು."

"ಅದಲ್ಲ. ಪಾಸ್‌ಪೋರ್ಟು." ಅವಳು ಎರಡನ್ನೂ ಮೇಜಿನ ಮೇಲಿಟ್ಟು, ಜಾನೆಟ್ ಹೇಳಿದ್ದನ್ನೆಲ್ಲ ಹೇಳಿದಳು: ಕೊಟ್ಟ ದಿನ, ಹತ್ತು ವರ್ಷ, ಕೊಸರು, ಗುರುವಾರ ಬಾಗಿಲಲ್ಲೇ ನಿಲ್ಲಿಸುತ್ತಾರೆ ಎಂಬುದು. ಹೇಳುತ್ತಿದ್ದಂತೆ ಅವನ ಕೈಯಲ್ಲಿನ ಪೆನ್ಸಿಲು ಹಾಳೆಯ ಮೇಲೆ ಮಲಗಿತು. ಅವಳು ಬೇಗ ಬೇಗ ಮುಗಿಸಿದಳು: "ನಾನೇ ನೋಡ್ಬೇಕಿತ್ತು. ನೀನು ನನಗೆ ಹೇಳಿದ್ದೆ. ಆ ಭಾನುವಾರ, ಊಟ ಆದ್ಮೇಲೆ, ಪಾಸ್‌ಪೋರ್ಟ್ ನೀನು ನೋಡು ಗ್ಲೆನ್ ಅಂದಿದ್ದೆ. ನಾನು ಕೊನೇ ತಾರೀಖು ನೋಡಿ ಟಿಕ್ ಹಾಕ್ಬಿಟ್ಟೆ."

"ನಾನು ಹೇಳಿದ್ದೆನಾ?"

"ಹೇಳಿದ್ದೆ."

"ಭಾನುವಾರ."

"ಹೂಂ."

ಅವನು ಹಾಳೆಯನ್ನು ಹತ್ತಿರ ಎಳೆದುಕೊಂಡು ಆ ಕೆಂಪು ಟಿಕ್ಕನ್ನು ನೋಡತೊಡಗಿದ. ಗ್ಲೆನಿಸ್ ಹದಿನೆಂಟು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲು ಕಾಣದವರು, ಕಾಣುವುದಿಲ್ಲ ಎನ್ನಲು ನಾಚಿ, ಕಣ್ಣು ಕಿರಿದು ಮಾಡಿ ಊಹಿಸುವಾಗ ಅವರ ಮುಖ ಹೇಗಾಗುತ್ತದೆಂದು ಬಲ್ಲಳು. ಆ ಮುಖ ಈಗ ಅವನದಾಗಿತ್ತು. ಅವನು ಆ ಭಾನುವಾರದೊಳಗೆ ಇಳಿದಿದ್ದ. ಊಟದ ತಟ್ಟೆಗಳನ್ನು ಸರಿಸುತ್ತಿದ್ದ, ತನ್ನ ದನಿಯನ್ನು ಹುಡುಕುತ್ತಿದ್ದ, ಎಂದೂ ನಡೆಯದ ಒಂದು ಮಾತನ್ನು ಕೋಣೆಯಿಂದ ಕೋಣೆಗೆ ಅರಸುತ್ತಿದ್ದ. ಬೆರಳಿನಿಂದ ಟಿಕ್ಕನ್ನು ಮುಟ್ಟಿದ. "ಇದು ನನ್ನ ಕೈಯಿದ್ದಂಗಿದೆ," ಎಂದ ಮೆಲ್ಲಗೆ. "ಬಾಲ ಉದ್ದ ಎಳೆಯೋದು ನಾನು." ಆಮೇಲೆ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ, ಸುಟ್ಟುಕೊಂಡವನ ಹಾಗೆ. "ಇಲ್ಲ. ನೀನು ಹೇಳಿದ್ಮೇಲೆ ಇರುತ್ತೆ. ಹೇಳಿರ್ತೀನಿ. ಈಗೀಗ ಹಂಗೇ ಅಲ್ವಾ." ಅವಳ ಕಡೆ ನೋಡಿ ನಕ್ಕ. ಪ್ರಾಗ್‌ನ ನಗು, ಒಂದು ಗಳಿಗೆ ತಡವಾಗಿ ಬರುವುದು.

ಕಾರು ಕಳೆದ ದಿನ, ಗೇಟಿನ ಚಿಲಕದ ದಿನ, ಯಾವತ್ತೂ ಅವನ ಮುಖದಲ್ಲಿ ಇಷ್ಟು ಭಯವನ್ನು ಅವಳು ಕಂಡಿರಲಿಲ್ಲ. ಅವನ ತಲೆಯೊಳಗೆ ಇನ್ನೂ ಗಟ್ಟಿಯಾಗಿ ನಿಂತಿದ್ದ ಒಂದು ಗೋಡೆಯನ್ನು ತಾನೇ, ಪ್ರೀತಿಯಿಂದ, ಕೈಯಾರೆ ಕೆಡವಿದ್ದಳು. ಅವನು ಮರೆಯುವವನಾದ್ದರಿಂದಲೇ ಈ ಸುಳ್ಳು ನಡೆಯುತ್ತದೆಂದು ತಾನೇ ತಾನು ಇಳಿದು ಬಂದದ್ದು? ಬಿಯರ್ ಅಂಗಡಿಯಲ್ಲಿ ಅವನ ಹಾಳೆಯನ್ನು ನೋಡಿ ನಕ್ಕಿದ್ದಳು. ಇಲ್ಲಿ ಹಾಳೆಯನ್ನೇ ಅವನಿಂದ ಕಿತ್ತುಕೊಂಡಿದ್ದಳು.

"ನೀನು ಹೇಳ್ಲಿಲ್ಲ," ಅಂದಳು. ಪಾಸ್‌ಪೋರ್ಟುಗಳನ್ನು ಪಕ್ಕಕ್ಕೆ ಸರಿಸಿದಳು. "ಹವರ್ಡ್, ನೀನು ಹೇಳೇ ಇಲ್ಲ. ಅಂಥ ಭಾನುವಾರ ಇಲ್ಲ. ಟಿಕ್ಕು ನಿಂದೇ. ಸುಳ್ಳು ಹೇಳ್ದೆ ನಾನು."

ಅವನು ಹಾಳೆಯ ಆ ಟಿಕ್ಕಿನ ಕಡೆ ಮತ್ತೆ ತಿರುಗಿದ. ಹೊರಗೆ ತಂತಿಯ ಮೇಲೆ ಒಣಗಲು ಹಾಕಿದ ದಿಂಬಿನ ಚೀಲಗಳು ಗಾಳಿ ತುಂಬಿಕೊಂಡು ಉಬ್ಬಿ ಸೊರಗುತ್ತಿದ್ದವು. ಬಯ್ಯಲಿ, ಲೋಟ ಒಗೆಯಲಿ, ಎದ್ದು ಹೋಗಲಿ ಎಂದು ಅವಳು ಕಾಯುತ್ತಿದ್ದಳು.

"ಅಂದ್ರೆ ನಾನು ಮರೆತಿದ್ದಲ್ಲ," ಎಂದ ಹವರ್ಡ್.

"ಅಲ್ಲ."

"ನೋಡಿದೆ. ತಪ್ಪು ತಾರೀಖು ನೋಡಿದೆ."

"ಹೂಂ."

"ನೋಡಿ, ಸರಿ ಅಂದ್ಕೊಂಡು, ನಾನೇ ಟಿಕ್ ಹಾಕ್ದೆ. ಬಾಲ ಉದ್ದ ಎಳೆದು."

"ಹೂಂ ಕಣೋ, ಎಷ್ಟು ಸಲ ಹೇಳಿಸ್ತೀಯ."

"ಅಯ್ಯೋ ನಿನ್ನ, ತಪ್ಪು ಮಾಡಿದ್ದಾ!" ಅವನ ಭುಜಗಳು ಕುಲುಕತೊಡಗಿದವು. ಅಳುತ್ತಿದ್ದಾನೆಂದು ಅವಳು ಎದ್ದೇಬಿಟ್ಟಳು. ಅವನು ನಗುತ್ತಿದ್ದ, ಕಣ್ಣಲ್ಲಿ ನೀರು ಬರುವ ಹಾಗೆ. "ತಪ್ಪಾ? ಗ್ಲೆನ್, ತಪ್ಪು ನಾನು ಬೇಕಾದಷ್ಟು ಮಾಡಿದೀನಿ. ತೊಂಬತ್ತೊಂದರಲ್ಲಿ ಒಂದು ಇಡೀ ಬಸ್ಸನ್ನ ಪಟ್ಟಿಯಿಂದಲೇ ಬಿಟ್ಟಿದ್ದೆ, ಹದಿನೇಳು ಜನ ಈಸ್ಟರ್ ಸೋಮವಾರ ಬೆಟ್ಟದ ಮೇಲೆ ಗಾಳೀಲಿ ನಿಂತಿದ್ರು. ಒಬ್ಬಳು ಅಜ್ಜಿ ನಡ್ಕೊಂಡೇ ಡಿಪೋಗೆ ಬಂದು ಕೊಡೇಲಿ ಹೊಡೆದ್ಲು ನನಗೆ. ತಪ್ಪು ಮಾಡೋ ತಲೆ ನನ್ನ ಹಳೇ ತಲೆ ಕಣೇ. ಅದು ಇನ್ನೂ ಇದೆ ಅನ್ನು." ಮೂಗು ಒರೆಸಿಕೊಂಡ. ಆಮೇಲೆ ನಗು ನಿಂತಿತು. "ಆದ್ರೆ ಇನ್ನೊಂದು ಸಲ ಹಂಗೆ ಮಾಡ್ಬೇಡ."

"ಮಾಡಲ್ಲ."

"ಮರೆತಿದ್ರೆ ಮರೆತೆ ಅನ್ನು. ತಪ್ಪಿದ್ರೆ ತಪ್ಪಿದೆ ಅಂತ ಬಯ್ಯಿ. ನಡೀದೇ ಇದ್ದಿದ್ದನ್ನ ಮಾತ್ರ ನನ್ನ ತಲೇಲಿ ಹುಡುಕೋಕೆ ಕಳಿಸ್ಬೇಡ. ಅಲ್ಲಿ ಈಗ ದೀಪ ಕಮ್ಮಿ."

ಅವಳು ಅವನ ಕುರ್ಚಿಯ ಹಿಂದೆ ಹೋಗಿ ನಿಂತು ಅವನ ನೆತ್ತಿಯ ಮೇಲೆ ಗಲ್ಲವಿಟ್ಟಳು. ಉಣ್ಣೆಯ, ಪೆನ್ಸಿಲು ಹೊಟ್ಟಿನ ವಾಸನೆ. ಮಾತು ಬೇಕಿತ್ತು, ಆರು ವರ್ಷದ ಹಿಂದಿನದು, ಮೊದಲ ಅಕ್ಷರ ನಾಲಿಗೆಯ ಮೇಲೇ ಇತ್ತು. ಅಷ್ಟರಲ್ಲಿ ಅವನು ಹಳೆಯ ಹಾಳೆಯನ್ನು ದಿಂಡಿನಿಂದ ಬಿಡಿಸಿ ಪಕ್ಕಕ್ಕಿಟ್ಟ, ಹರಿಯಲಿಲ್ಲ. ಹೊಸ ಹಾಳೆಗೆ ಅಡಿಪಟ್ಟಿ ಇಟ್ಟ.

"ಹೊಸ ಪಾಸ್‌ಪೋರ್ಟ್‌ಗೆ ಮೂರು ವಾರ ಹಿಡಿ. ಡಿಸೆಂಬರ್ ಮೊದಲನೇ ವಾರ ಹೋಗೋಣ. ಚಳಿ ಇರುತ್ತೆ, ಬೆಂಚು ಬಿಸಿಲಿಗೆ ಬದಲಾಯಿಸ್ಬೇಕು."

"ಅಷ್ಟರಲ್ಲಿ ನವೆಂಬರ್ ಆರು ಬಂದು ಹೋಗಿರುತ್ತೆ," ಎಂದಳು ಅವಳು.

"ಬಂದು ಹೋಗ್ಲಿ. ಮೊದಲು ಅವರಿಗೆ ಗಡಿಯಾರ ಬರೆದುಕೊಟ್ಟು ಬರ್ತೀನಿ. ಆಮೇಲೆ ಟ್ರಾಮು." ಪೆನ್ಸಿಲು ಒಂದು ಗಳಿಗೆ ನಿಂತಿತು. "ಸರಿಯಾಗಿ ಬಾರದೇ ಇದ್ರೂ ಟ್ರಾಮು ಓಡುತ್ತಲ್ಲ."

"ಓಡುತ್ತೆ. ನಾನು ಹಾಳೆ ಹಿಡ್ಕೋತೀನಿ."

"ನೀನಾ? ನಿನಗೆ ಎಡ ಬಲ ಗೊತ್ತಿಲ್ಲ."

"ಬಾಯ್ಮುಚ್ಕೊಂಡು ಬರಿ."

ಅವಳು ತಣ್ಣಗಾದ ಚಹಾ ಚೆಲ್ಲಿ ಕೆಟಲಿಗೆ ನೀರು ತುಂಬಿಸಿದಳು. ಜಾನೆಟ್‌ಗೆ ಏನು ಹೇಳುವುದೆಂದು ಯೋಚಿಸಿದಳು. ಜಾನೆಟ್ ನಗುತ್ತಾಳೆ, ನಗಲಿ, ಈ ಸಲ ಜೊತೆಗೆ ನಗುವುದಿಲ್ಲ. ಹಿಂದೆ ಪೆನ್ಸಿಲು ಸರಸರನೆ ಓಡುವ ಸದ್ದು, ಅಡಿಪಟ್ಟಿಯ ಸದ್ದು. ಹೊಸ ಲೋಟ ತಂದಿಡುವಾಗ ಅವಳು ಬಗ್ಗಿ ನೋಡಿದಳು. ಮೊದಲ ಸಾಲು ಲಿಸ್ಬನ್‌ನದಲ್ಲ. ನವೆಂಬರ್ 6 ಎಂದು ಬರೆದು ಅವನು ಅಲ್ಲಿಂದಲೇ ಪ್ರವಾಸ ಶುರು ಮಾಡಿದ್ದ. 9.48, ಬಸ್ಸು (ಕಾರಲ್ಲ). 10.20, ಆಸ್ಪತ್ರೆ, ಲಿಫ್ಟ್ ಎಡಗಡೆ, ಗ್ಲೆನ್ ಹಿಮ್ಮಡಿ. 10.30, ಕಾಯುವ ಕೋಣೆ, ಕಿಟಕಿ ಪಕ್ಕದ ಕುರ್ಚಿ. ಅದರ ಕೆಳಗೆ, ಅಷ್ಟೇ ದುಂಡಗಿನ ಅಕ್ಷರದಲ್ಲಿ: 10.40, ಸೀನು (ಇಬ್ಬರೂ). 10.41, ಡಾಕ್ಟರು.

ಲೋಟ ಅವಳ ಕೈಯಲ್ಲೇ ಉಳಿಯಿತು. ಹತ್ತೂ ನಲವತ್ತು. ನಿಮಿಷ ಸಹಿತ.

"ಟೈಮ್ ಸಾಕಾ?" ಎಂದ ಹವರ್ಡ್, ತಲೆಯೆತ್ತದೆ.

ಅವಳು ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು, ಹಾಳೆಯ ಮೇಲೆ ಒಂದು ಹನಿಯೂ ಬೀಳದ ಹಾಗೆ.

"ಸಾಲಲ್ಲ," ಎಂದಳು. "ಐದು ನಿಮಿಷ ಇಡು."

ಅವನು ರಬ್ಬರು ಹುಡುಕಿ, ಡಾಕ್ಟರ ಸಾಲಿನ 10.41 ಅಳಿಸಿ, 10.45 ಎಂದು ತಿದ್ದಿದ.